ಕೊನೆಯ ಸಾಲಿನಲ್ಲಿ ಏನಿತ್ತು? ಲಿನಕ್ಸ್‌ನಲ್ಲಿ ಡಯಲ್-ಅಪ್ ಕೈಕೊಟ್ಟಾಗ

2002ರ ಸುಮಾರಿಗೆ ನಾನು ಸಾಗರದಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿಕೊಂಡವರು ಹತ್ತು ಹನ್ನೆರಡು ಮಂದಿ ಇದ್ದರು. ಹೆಚ್ಚಿನವರು ಪಿಸಿಕ್ವೆಸ್ಟ್ ಪತ್ರಿಕೆ ಜೊತೆ ಬರುತ್ತಿದ್ದ ಸಿಡಿಯಿಂದ ಹಾಕಿಕೊಂಡವರು. ನೆಟ್ ಅಂದರೆ ಆಗ ಡಯಲ್-ಅಪ್, ಮೋಡೆಮ್ ಎಂಬ ಸಾಧನ ಫೋನ್ ಲೈನಿನಲ್ಲೇ ಡಯಲ್ ಮಾಡಿ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಸೇರಿಸುತ್ತಿತ್ತು. ಅದು ಬರಲಿಲ್ಲ ಅಂದರೆ ಅಂಗಡಿಗೆ ಫೋನ್. ಆದರೆ ಮನೆಯಲ್ಲಿ ಇದ್ದದ್ದು ಒಂದೇ ಲೈನ್. ನನ್ನ ಜೊತೆ ಮಾತಾಡುತ್ತಿದ್ದರೆ ಮೋಡೆಮ್ ಡಯಲ್ ಮಾಡುವಂತಿಲ್ಲ, ಮೋಡೆಮ್ ಡಯಲ್ ಮಾಡುತ್ತಿದ್ದರೆ ನನ್ನ ಜೊತೆ ಮಾತಾಡುವಂತಿಲ್ಲ. ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆ: "ಫೋನ್ ಇಡಿ, ಡಯಲ್ ಮಾಡಿ, ಪರದೆ ಮೇಲೆ ಬಂದ ಕೊನೇ ನಾಲ್ಕು ಸಾಲು ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಮತ್ತೆ ಫೋನ್ ಮಾಡಿ."

ಅಡಿಕೆ ತೋಟದ ಯಜಮಾನರೊಬ್ಬರು ಚೀಟಿ ಹಿಡಿದು ಒಂದೊಂದೇ ಅಕ್ಷರ ಓದುತ್ತಿದ್ದರು. "ಎನ್, ಓ, ಆಮೇಲೆ ಸ್ವಲ್ಪ ಜಾಗ, ಸಿ, ಎ, ಆರ್, ಇನ್ನೊಂದು ಆರ್..." "ಸಾಕು ಮಾರಾಯ್ರೆ, ನೋ ಕ್ಯಾರಿಯರ್. ಗೊತ್ತಾಯ್ತು." ಆ ಎರಡು ಪದ, ಅಂದರೆ ಆ ಕಡೆಯ ಮೋಡೆಮ್‌ನ ಸಂಕೇತ ಇಲ್ಲ ಎಂಬ ಮಾತು, ಸಿಕ್ಕರೆ ನನ್ನ ಕೆಲಸ ಅರ್ಧ ಮುಗಿದಂತೆ. "ಏನೇನೋ ಬಂತು, ಆಮೇಲೆ ಹೋಯ್ತು" ಎನ್ನುವವರ ಮನೆಗೆ ಮಾತ್ರ ಬಸ್ ಹತ್ತಿ ಹೋಗಲೇಬೇಕಿತ್ತು.

ಆಜ್ಞೆಗಳನ್ನೂ ಇಲ್ಲಿ ಅವತ್ತು ಫೋನಿನಲ್ಲಿ ಹೇಳಿಕೊಡುತ್ತಿದ್ದ ಹಾಗೇ ಕನ್ನಡದಲ್ಲಿ ಬರೆಯುತ್ತೇನೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ ಅಂತ ಬೇರೆ ಹೇಳಬೇಕಿಲ್ಲ. ಲಿನಕ್ಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಅದೊಂದು ನೆನಪಿರಲಿ.

ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತರುತ್ತೇವಲ್ಲ, ನೀರು ನಿಂತರೆ ಏನು ಮಾಡುತ್ತೇವೆ? ಒಂದೊಂದೇ ಜಾಯಿಂಟ್ ಬಿಚ್ಚಿ ಇಲ್ಲಿವರೆಗೆ ಬಂತಾ ಅಂತ ನೋಡುತ್ತಾ ಹೋಗುತ್ತೇವೆ. ಡಯಲ್-ಅಪ್‌ಗೂ ಅದೇ ದಾರಿ. ಗೋಡೆಯ ತಂತಿ, ಮೋಡೆಮ್, ಮೋಡೆಮ್‌ಗೂ ಲಿನಕ್ಸ್‌ಗೂ ನಡುವಿನ ಪೋರ್ಟ್, ಆ ಕಡೆಯವರ ಲಾಗಿನ್, ಐಪಿ ವಿಳಾಸ (ನೆಟ್‌ನಲ್ಲಿ ಯಂತ್ರದ ಅಂಕಿ ವಿಳಾಸ) ಮತ್ತು ದಾರಿ, ಕೊನೆಗೆ ತಾಣದ ಹೆಸರನ್ನು ಆ ಅಂಕಿಗೆ ತಿರುಗಿಸುವ ಡಿಎನ್‌ಎಸ್. ನೀರು ಎಲ್ಲಿ ನಿಂತಿದೆ ಅಂತ ಆ ಕೊನೆಯ ಸಾಲು ಹೇಳುತ್ತದೆ. ಅದನ್ನು ಓದದೆ ಕಾನ್ಫಿಗರೇಶನ್ ಫೈಲಿಗೆ ಕೈ ಹಾಕಿದರೆ ಒಂದು ತೊಂದರೆ ಇದ್ದದ್ದು ಮೂರಾಗುತ್ತದೆ. ನಾನೇ ಮಾಡಿ ಅನುಭವಿಸಿದ್ದೇನೆ.

ಮೋಡೆಮೋ, ಮೋಡೆಮ್ ವೇಷದ ಕಾರ್ಡೋ

ಒಂದು ಮನೆಯಲ್ಲಿ ಮೂರು ಸಂಜೆ ಕೂತಿದ್ದೆ. ಪೆಟ್ಟಿಗೆಯೊಳಗೆ ಹೊಚ್ಚ ಹೊಸ ಪಿಸಿಐ ಕಾರ್ಡ್, ಮೇಲೆ 56ಕೆ ಅಂತ ಅಚ್ಚು. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟಿನ ಹೆಸರು ಟಿಟಿವೈ ದೊಡ್ಡ ಎಸ್, ಅದರ ಸೊನ್ನೆಯಿಂದ ಮೂರರವರೆಗೆ ನಾಲ್ಕೂ ಪೋರ್ಟ್ ಹಿಂದಕ್ಕೂ ಮುಂದಕ್ಕೂ ಬದಲಿಸಿದೆ. ಉತ್ತರವೇ ಇಲ್ಲ. ಮೂರನೇ ದಿನ ಬುದ್ಧಿ ಬಂದು ಒಳಗಿನ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟು ನೋಡಿದರೆ ಆ ಕಾರ್ಡ್ ತನ್ನನ್ನು 'ಕಮ್ಯೂನಿಕೇಶನ್ ಕಂಟ್ರೋಲರ್' ಎಂದು ಪರಿಚಯಿಸಿಕೊಂಡಿತ್ತು. ಅಂದರೆ ವಿನ್‌ಮೋಡೆಮ್. ಮೋಡೆಮ್ ಮಾಡಬೇಕಾದ ಲೆಕ್ಕಾಚಾರವನ್ನೆಲ್ಲ ವಿಂಡೋಸ್‌ನ ಡ್ರೈವರ್ ತಲೆಗೆ ಕಟ್ಟಿ, ಕಾರ್ಡಿನಲ್ಲಿ ಬರೀ ಫೋನ್ ಸಾಕೆಟ್ಟೂ ನಾಲ್ಕು ಬಿಡಿಭಾಗವೂ ಉಳಿದಿರುವ ಅಗ್ಗದ ಜಾತಿ. 'ಸೀರಿಯಲ್ ಕಂಟ್ರೋಲರ್' ಎಂದಿದ್ದರೆ ಬಹುಮಟ್ಟಿಗೆ ಅದು ನಿಜವಾದ ಮೋಡೆಮ್.

ವಿನ್‌ಮೋಡೆಮ್ ಸಿಕ್ಕಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಲೂಸೆಂಟ್ ಚಿಪ್‌ಗೆ ಎಲ್‌ಟಿಮೋಡೆಮ್, ಸ್ಮಾರ್ಟ್‌ಲಿಂಕ್‌ಗೆ ಎಸ್‌ಎಲ್‌ಮೋಡೆಮ್, ಕೊನೆಕ್ಸಂಟ್‌ಗೆ ಲಿನಕ್ಸಂಟ್‌ನವರ ಎಚ್‌ಎಸ್‌ಎಫ್ ಡ್ರೈವರ್ ಅಂತ ಇದ್ದವು. ಕೊನೆಯದರ ಉಚಿತ ಆವೃತ್ತಿ ಓಡುತ್ತಿದ್ದದ್ದು 14.4 ಕಿಲೋಬಿಟ್‌ನಲ್ಲಿ ಮಾತ್ರ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಇವನ್ನು ಮತ್ತೆ ಕಂಪೈಲ್ ಮಾಡಬೇಕು. ಕಂಪೈಲ್ ಮಾಡಲು ಬೇಕಾದ್ದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಮೋಡೆಮ್ ಬೇಕು. ನನ್ನ ಸಲಹೆ ಅವತ್ತೂ ಇವತ್ತೂ ಒಂದೇ: ಹಿಂದಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಗಿನ ಮೋಡೆಮ್ ತನ್ನಿ. ಬೆಲೆ ಹೆಚ್ಚು, ನಿಜ. ಆದರೆ ಮುಂಭಾಗದಲ್ಲಿ ಮಿಣುಕುವ ದೀಪಗಳಿವೆಯಲ್ಲ, ಅರ್ಧ ಕಾಯಿಲೆಯನ್ನು ಅವೇ ಹೇಳುತ್ತವೆ. ಸಿಡಿ (ಕ್ಯಾರಿಯರ್ ಡಿಟೆಕ್ಟ್) ಅಂತ ಬರೆದ ದೀಪ ಹತ್ತಿದರೆ ಆ ಕಡೆ ಮೋಡೆಮ್ ಸಿಕ್ಕಿದೆ ಅಂತ ಅರ್ಥ.

ಪೋರ್ಟಿನ ಲೆಕ್ಕ ಸರಳ. ವಿಂಡೋಸ್‌ನ ಕಾಮ್ 1 ಇಲ್ಲಿ ಟಿಟಿವೈಎಸ್ ಸೊನ್ನೆ, ಕಾಮ್ 2 ಎಂದರೆ ಟಿಟಿವೈಎಸ್ ಒಂದು. ಹೀಗೇ ಒಂದೊಂದು ಕಮ್ಮಿ. ರೂಟ್ ಆಗಿ, ಅಂದರೆ ಯಂತ್ರದ ಯಜಮಾನ ಖಾತೆಯಲ್ಲಿ, ಸೆಟ್‌ಸೀರಿಯಲ್ ಮೈನಸ್ ಜಿ ಜೊತೆ ಪೋರ್ಟಿನ ಹೆಸರು ಕೊಡಿ. ಯುಎಆರ್‌ಟಿ (ಪೋರ್ಟಿನ ಚಿಪ್) ಎಂಬಲ್ಲಿ 16550ಎ ಬಂದರೆ ಒಳ್ಳೆಯದು, ಅದಕ್ಕೆ 16 ಬೈಟ್‌ನ ಕಿಸೆ ಇದೆ, ವೇಗದ ಮೋಡೆಮ್‌ನ ಡೇಟಾ ಚೆಲ್ಲುವುದಿಲ್ಲ. 'ಅನ್‌ನೋನ್' ಬಂದರೆ ಅಲ್ಲಿ ಪೋರ್ಟೇ ಇಲ್ಲ.

ಹಳೇ ಐಎಸ್‌ಎ ಕಾರ್ಡ್ ಇದ್ದವರ ಮನೆಯಲ್ಲಿ ಇನ್ನೊಂದು ವಿಚಿತ್ರ ನೋಡಿದ್ದೆ. ಡಯಲ್ ಮಾಡಿದ ತಕ್ಷಣ ಮೌಸ್ ಸತ್ತ ಹಾಗೆ ನಿಂತುಬಿಡುತ್ತಿತ್ತು. ವೈರಸ್ ಅಂತ ಅವರ ತೀರ್ಮಾನ. ನಿಜ ಸಂಗತಿ ಏನೆಂದರೆ ಸೀರಿಯಲ್ ಮೌಸ್ ಕಾಮ್ 1ರಲ್ಲಿ, ಮೋಡೆಮ್ ಕಾಮ್ 3ರಲ್ಲಿ. ಎರಡಕ್ಕೂ ಐಆರ್‌ಕ್ಯೂ, ಅಂದರೆ ಪ್ರೊಸೆಸರನ್ನು ಕರೆಯುವ ಗಂಟೆ, ಒಂದೇ: 4. ಕಾರ್ಡಿನ ಜಂಪರ್ ಕಿತ್ತು ಕಾಮ್ 4ಕ್ಕೆ ಹಾಕಿದೆ, ಅದರದ್ದು ಐಆರ್‌ಕ್ಯೂ 3. ಮೌಸ್ ಓಡಾಡಿತು.

ಮೊದಲು ಮಾತಾಡಿಸಿ

ಡಯಲ್ ಮಾಡಿಕೊಡುವ ಪ್ರೋಗ್ರಾಮ್‌ಗಳಾದ ಕೆಪಿಪಿಪಿ, ಡಬ್ಲ್ಯೂವಿಡಯಲ್ ಇವನ್ನೆಲ್ಲ ಬದಿಗಿಟ್ಟು, ಮೋಡೆಮ್ ಜೊತೆ ನೇರ ಮಾತಾಡಿಸುವ ಮಿನಿಕಾಮ್ ತೆರೆಯಿರಿ. ಮಿನಿಕಾಮ್ ಮೈನಸ್ ಎಸ್ ಕೊಟ್ಟರೆ ಪೋರ್ಟ್ ಆರಿಸುವ ಪಟ್ಟಿ ಬರುತ್ತದೆ. ಪೋರ್ಟ್ ಹಾಕಿ, ವೇಗ 115200 ಇಟ್ಟು ಹೊರಬನ್ನಿ. ಖಾಲಿ ಪರದೆಯಲ್ಲಿ ಎಟಿ ಎಂದು ಹೊಡೆದು ಎಂಟರ್ ಒತ್ತಿ. ಮೋಡೆಮ್ 'ಓಕೆ' ಎನ್ನಬೇಕು. ಎರಡೂ ದೊಡ್ಡಕ್ಷರ ಇರಲಿ ಅಥವಾ ಎರಡೂ ಸಣ್ಣಕ್ಷರ ಇರಲಿ, ಒಂದು ದೊಡ್ಡದು ಒಂದು ಚಿಕ್ಕದು ಮಾಡಿದರೆ ಅದು ಬಾಯಿ ಬಿಡುವುದಿಲ್ಲ.

ಓಕೆ ಬಂತು ಅಂದರೆ ಪೋರ್ಟ್, ಕೇಬಲ್, ಮೋಡೆಮ್‌ನ ಕಂಪ್ಯೂಟರ್ ಬದಿ ಮೂರೂ ಸರಿ ಇವೆ. ಬರಲಿಲ್ಲವೆಂದರೆ ಪೋರ್ಟ್ ತಪ್ಪಿರಬಹುದು. ಅಥವಾ ಬೇರೆ ಯಾರೋ ಪೋರ್ಟ್ ಹಿಡಿದುಕೊಂಡಿರಬಹುದು. ಹಿಂದಿನ ಸಲ ಕರೆಂಟ್ ಹೋಗಿ ಯಂತ್ರ ದಢಕ್ಕನೆ ನಿಂತಿದ್ದರೆ ವಾರ್ ಒಳಗಿನ ಲಾಕ್ ಫೋಲ್ಡರಿನಲ್ಲಿ ಎಲ್‌ಸಿಕೆ ಎಂದು ಶುರುವಾಗುವ ಫೈಲ್ ಉಳಿದುಬಿಟ್ಟಿರುತ್ತದೆ. ಪೋರ್ಟನ್ನು ಯಾರೂ ಬಳಸುತ್ತಿಲ್ಲ ಅಂತ ಫ್ಯೂಸರ್ ಆಜ್ಞೆಯಿಂದ ಖಾತ್ರಿ ಮಾಡಿಕೊಂಡು ಅದನ್ನು ಅಳಿಸಿ. ರೂಟ್ ಆಗಿದ್ದಾಗ ಓಕೆ ಬಂದು ನಿಮ್ಮ ಹೆಸರಿನಲ್ಲಿ ಬರದಿದ್ದರೆ ಅನುಮತಿಯ ಸಮಸ್ಯೆ. ಲಿನಕ್ಸ್‌ನ ಡೆಬಿಯನ್ ಮನೆತನದಲ್ಲಿ ನಿಮ್ಮನ್ನು 'ಡಯಲ್‌ಔಟ್' ಗುಂಪಿಗೆ, ರೆಡ್‌ಹ್ಯಾಟ್ ಮನೆತನದ ಹಳೆಯ ಆವೃತ್ತಿಗಳಲ್ಲಿ 'ಯುಯುಸಿಪಿ' ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಬನ್ನಿ.

ತಂತಿಯ ಕಡೆ

ನಾನು ನೋಡಿದ ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ಕಂಪ್ಯೂಟರಿನ ಹೊರಗೇ ಇರುತ್ತಿತ್ತು. ಎಲ್ಲರೂ ಹುಡುಕುತ್ತಿದ್ದದ್ದು ಒಳಗೆ.

ಮಿನಿಕಾಮ್‌ನಲ್ಲೇ ಎಟಿ ಎಲ್ ಮೂರು, ಎಟಿ ಎಂ ಒಂದು ಹೊಡೆದು ಮೋಡೆಮ್‌ನ ಸ್ಪೀಕರ್ ಜೋರು ಮಾಡಿ. ಆಮೇಲೆ ಎಟಿ ಡಿ ಟಿ, ಅದಕ್ಕಂಟಿಸಿ ನಿಮ್ಮ ಇಂಟರ್ನೆಟ್ ಸೇವೆಯವರ ನಂಬರ್. ಈಗ ಪರದೆ ನೋಡಬೇಡಿ, ಕಿವಿ ಕೊಡಿ. ಮೊದಲು ಡಯಲ್ ಟೋನ್. ಆಮೇಲೆ ಅಂಕಿಗಳ ಪಿಂಪಿಂ. ಒಂದೋ ಎರಡೋ ರಿಂಗ್. ಆ ಕಡೆಯಿಂದ ತೀಕ್ಷ್ಣವಾದ ಸಿಳ್ಳೆ, ಈ ಕಡೆಯಿಂದ ಉತ್ತರ, ನಡುವೆ ಬೋಂಗ್ ಬೋಂಗ್, ಕೊನೆಗೆ ಜರಡಿಯಲ್ಲಿ ಮರಳು ಆಡಿಸಿದ ಹಾಗೆ ಭುಸ್ಸೆಂದು ಸದ್ದು. ಹತ್ತು ಸಲ ಕೇಳಿದರೆ ಎಲ್ಲಿ ಎಡವಿತು ಅಂತ ಕಣ್ಣು ಮುಚ್ಚಿ ಹೇಳಬಹುದು.

'ನೋ ಡಯಲ್‌ಟೋನ್' ಬಂದರೆ ಮೊದಲು ಮೋಡೆಮ್‌ನ ಬೆನ್ನು ನೋಡಿ. ಅಲ್ಲಿ ಎರಡು ಸಾಕೆಟ್, ಒಂದು ಲೈನ್, ಒಂದು ಫೋನ್. ಗೋಡೆಯಿಂದ ಬಂದದ್ದು ಲೈನ್‌ಗೇ ಹೋಗಬೇಕು. ಅದು ಸರಿ ಇದ್ದು, ಫೋನಿನಲ್ಲಿ ಟೋನ್ ಕೇಳುತ್ತಿದ್ದು, ಮೋಡೆಮ್ ಮಾತ್ರ ಟೋನ್ ಇಲ್ಲ ಅಂತ ಹಟ ಹಿಡಿದರೆ, ಅದಕ್ಕೆ ನಮ್ಮ ಎಕ್ಸ್‌ಚೇಂಜಿನ ಟೋನ್ ಗುರುತು ಹತ್ತಿಲ್ಲ ಅಂತ ಲೆಕ್ಕ. ಹೊರದೇಶದ ಟೋನಿಗೆ ಹೊಂದಿಸಿ ಮಾಡಿದ ಮೋಡೆಮ್‌ಗಳಲ್ಲಿ ಇದು ಮಾಮೂಲು. ಎಟಿ ಎಕ್ಸ್ ಮೂರು ಕೊಡಿ. ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಆದರೆ ಬ್ಯುಸಿ ಇದ್ದರೆ ಗುರುತಿಸುತ್ತದೆ. ಡಬ್ಲ್ಯೂವಿಡಯಲ್ ಬಳಸುವವರು ಅದರ ಕಾನ್ಫ್ ಫೈಲಿನ ಇನಿಟ್ ಸಾಲಿನಲ್ಲಿ ಈ ಎಕ್ಸ್ ಮೂರನ್ನು ಸೇರಿಸಿ ಮರೆತುಬಿಡಬಹುದು.

ಎಕ್ಸ್ ಮೂರು ಕೊಟ್ಟ ಮೇಲೂ ಸ್ಪೀಕರಿನಲ್ಲಿ ಸ್ಮಶಾನ ಮೌನ ಇದ್ದರೆ ಬೇಜಾರಿನ ಸುದ್ದಿ. ನಮ್ಮಲ್ಲಿ ಮಾರ್ಚ್ ಏಪ್ರಿಲ್‌ನ ಗುಡುಗು ಮಳೆ ಮೋಡೆಮ್‌ಗಳ ಯಮ. ಸಿಡಿಲು ಮನೆಗೇ ಬಡಿಯಬೇಕಿಲ್ಲ, ಎರಡು ಕಂಬ ಆಚೆ ಬಡಿದರೂ ತಂತಿಯಲ್ಲಿ ಹರಿದು ಬರುತ್ತದೆ. ಆಗ ಮೋಡೆಮ್‌ನ ಫೋನ್ ಬದಿ ಸುಟ್ಟು ಕಂಪ್ಯೂಟರ್ ಬದಿ ಬದುಕಿರುತ್ತದೆ. ಎಟಿ ಅಂದರೆ ಓಕೆ ಅನ್ನುತ್ತದೆ, ದೀಪ ಹತ್ತುತ್ತವೆ, ನೋಡಲು ಗುಂಡುಕಲ್ಲಿನ ಹಾಗಿದೆ, ಆದರೆ ಕಿವಿ ಕಿವುಡು. ಹೊಸದು ತರದೆ ಉಪಾಯವಿಲ್ಲ. ಗುಡುಗಿನ ಸದ್ದು ಕೇಳಿದ ಕೂಡಲೇ ಕರೆಂಟಿನ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಫೋನ್ ತಂತಿ ಕೀಳುವುದು ನೆನಪಾಗುವುದು ಎರಡನೇ ಮೋಡೆಮ್ ಕೊಂಡ ಮೇಲೆ.

ಡಯಲ್ ಮಾಡಿದರೂ ಟೋನ್ ಹಾಗೇ ಮುಂದುವರಿದರೆ ಎಕ್ಸ್‌ಚೇಂಜ್ ಟೋನ್ ಡಯಲಿಂಗ್ ಒಪ್ಪುತ್ತಿಲ್ಲ. ಎಟಿ ಡಿ ಟಿ ಬದಲು ಎಟಿ ಡಿ ಪಿ, ಅಂದರೆ ಪಲ್ಸ್. ಹಳೇ ಡಯಲ್ ತಿರುಗಿಸಿದ ಹಾಗೆ ಟಕಟಕ ಎನ್ನುತ್ತಾ ನಿಧಾನಕ್ಕೆ ಹೋಗುತ್ತದೆ. ಹೊರಗಿನ ಲೈನಿಗೆ ಸೊನ್ನೆ ಒತ್ತಬೇಕಾದ ಆಫೀಸುಗಳಲ್ಲಿ ಸೊನ್ನೆ ಆದ ಮೇಲೆ ಒಂದು ಅಲ್ಪವಿರಾಮ ಹಾಕಿ, ಮೋಡೆಮ್ ಎರಡು ಸೆಕೆಂಡ್ ನಿಂತು ಮುಂದೆ ಹೋಗುತ್ತದೆ.

'ನೋ ಕ್ಯಾರಿಯರ್'ಗೆ ಕಾರಣ ಹಲವು. ಸಿಳ್ಳೆಯೇ ಕೇಳಲಿಲ್ಲ, ಬದಲು "ಈ ಮಾರ್ಗದ ಎಲ್ಲ ಲೈನುಗಳೂ..." ಅಂತ ಹೆಂಗಸಿನ ದನಿ ಬಂತು ಅಂದರೆ ಅದು ನಿಮ್ಮ ತಪ್ಪಲ್ಲ, ರಾತ್ರಿ ಹನ್ನೊಂದರ ಮೇಲೆ ಮಾಡಿ. ಸಿಳ್ಳೆ ಶುರುವಾಗಿ ತುಂಬ ಹೊತ್ತು ಜಗ್ಗಾಡಿ ಬಿಟ್ಟುಬಿಟ್ಟರೆ ಲೈನಿನಲ್ಲಿ ಗದ್ದಲ ಇದೆ. ಕಾಯುವ ಹೊತ್ತು ಎಸ್ ಏಳು ಎಂಬ ಲೆಕ್ಕದಲ್ಲಿದೆ. ಬಹಳ ಮೋಡೆಮ್‌ಗಳಲ್ಲಿ ಅದು 50 ಅಥವಾ 60 ಸೆಕೆಂಡ್, ಎಟಿ ಎಸ್ ಏಳು ಈಕ್ವಲ್ಸ್ 90 ಮಾಡಿ ನೋಡಿ.

ಗದ್ದಲ ಹುಡುಕುವುದು ಹೀಗೆ: ಫೋನ್ ಎತ್ತಿ ಒಂದು ಅಂಕಿ ಒತ್ತಿ. ಟೋನ್ ನಿಂತು ನಿಶ್ಶಬ್ದ ಆದಾಗ ಕೇಳಿಸಿಕೊಳ್ಳಿ. ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಬಂದರೆ ತಂತಿಯ ಜಾಯಿಂಟ್ ಹಾಳಾಗಿದೆ. ಜಗುಲಿಯ ಗೋಡೆಯಲ್ಲಿರುವ ರೋಸೆಟ್ ಪೆಟ್ಟಿಗೆ ಬಿಚ್ಚಿ. ಮಳೆಗಾಲ ಕಳೆದ ಮೇಲೆ ಒಳಗಿನ ಸ್ಕ್ರೂ ಹಸಿರು ಕಿಲುಬು ಹಿಡಿದಿರುತ್ತದೆ, ಕೆಲವು ಸಲ ಇರುವೆ ಗೂಡೂ ಇರುತ್ತದೆ. ತಂತಿಯ ತುದಿ ಕತ್ತರಿಸಿ, ಹೊಸದಾಗಿ ಕೆರೆದು ಬಿಗಿ ಮಾಡಿ. ಅಡುಗೆಮನೆಗೆ ಎಳೆದುಕೊಂಡ ಪ್ಯಾರಲಲ್ ಫೋನನ್ನು ಪೂರಾ ಕಿತ್ತು ಒಮ್ಮೆ ನೋಡಿ. ಯಾರೋ ರಿಸೀವರ್ ಎತ್ತಿ "ಹಲೋ" ಅಂದರೆ ಸಾಕು, ಮುಕ್ಕಾಲು ಗಂಟೆ ಇಳಿಸಿದ್ದೆಲ್ಲ ನೀರುಪಾಲು.

56ಕೆ ಎಂಬ ಸಂಖ್ಯೆಗೆ ಮರುಳಾಗಬೇಡಿ. ಆ ವೇಗ ಸಿಗಬೇಕಾದರೆ ಸೇವೆಯವರ ಕಡೆಯಿಂದ ನಿಮ್ಮ ಎಕ್ಸ್‌ಚೇಂಜ್‌ವರೆಗೆ ಎಲ್ಲ ಡಿಜಿಟಲ್ ಇರಬೇಕು, ಕೊನೆಯ ತುಂಡು ತಂತಿಯಲ್ಲಿ ಮಾತ್ರ ಅನಲಾಗ್. ಹಳ್ಳಿಗಳಿಗೆ ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜ್ ಬಂತಲ್ಲ, 1986ರಲ್ಲಿ ಮೊದಲನೆಯದು ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ, ಆ 128 ಪೋರ್ಟಿನ ಪುಟ್ಟ ಪೆಟ್ಟಿಗೆ ಡಿಜಿಟಲ್ಲೇ. ಆದರೆ ಅಲ್ಲಿಂದ ತೋಟದ ಮನೆಗೆ ಮೂರ್ನಾಲ್ಕು ಕಿಲೋಮೀಟರ್ ತಂತಿ, ಹಲಸಿನ ಮರಕ್ಕೆ ತಾಗಿಕೊಂಡು ಬರುತ್ತಿತ್ತು. ಸೆಕೆಂಡಿಗೆ 44 ಸಾವಿರ ಬಿಟ್‌ಗೆ ಸಿಕ್ಕಿ ಐದು ನಿಮಿಷಕ್ಕೊಮ್ಮೆ ಕಡಿಯುವುದಕ್ಕಿಂತ 31,200ಕ್ಕೆ ಸಿಕ್ಕಿ ರಾತ್ರಿಯಿಡೀ ನಿಲ್ಲುವುದು ಮೇಲು. ರಾಕ್‌ವೆಲ್, ಕೊನೆಕ್ಸಂಟ್ ಚಿಪ್‌ನ ಹೆಚ್ಚಿನ ಹೊಸ ಮೋಡೆಮ್‌ಗಳಲ್ಲಿ ಎಟಿ ಪ್ಲಸ್ ಎಂಎಸ್ ಈಕ್ವಲ್ಸ್ ವಿ34 ಎಂದರೆ ಅದು 33.6ರ ಮೇಲೆ ಆಸೆ ಪಡುವುದಿಲ್ಲ. ಬೇರೆ ಚಿಪ್ ಆದರೆ ಜೊತೆಗೆ ಬಂದ ಪುಸ್ತಕ ನೋಡಿ. ಇನ್ನೊಂದು ಉಪಾಯ ಎಸ್ ಹತ್ತು. ಕ್ಯಾರಿಯರ್ ತಪ್ಪಿದ ಮೇಲೆ ಎಷ್ಟು ಹೊತ್ತು ತಾಳಿಕೊಳ್ಳಬೇಕು ಅನ್ನುವ ಲೆಕ್ಕ, ಸೆಕೆಂಡಿನ ಹತ್ತನೇ ಭಾಗದಲ್ಲಿ. ಅದನ್ನು 50 ಮಾಡಿದರೆ ಐದು ಸೆಕೆಂಡ್ ತಾಳುತ್ತದೆ. ಕಾಲ್ ವೇಟಿಂಗ್‌ನ ಬೀಪ್‌ಗೆ ಲೈನ್ ಬೀಳುತ್ತಿದ್ದ ಮನೆಗಳಲ್ಲಿ ಇಷ್ಟರಲ್ಲೇ ಕೆಲಸ ಆಗಿದೆ.

ಸಿಕ್ಕಿತು, ಬಿದ್ದುಹೋಯಿತು

'ಕನೆಕ್ಟ್' ಅಂತ ಬಂತು, ಆಮೇಲೆ ಪರದೆ ತುಂಬ ಕಸ: ಅಲೆಗೆರೆ, ಮುಚ್ಚುವ ಪುಷ್ಪಾವರಣ, ಆಶ್ಚರ್ಯ ಚಿಹ್ನೆ. ಮಿನಿಕಾಮ್‌ನಲ್ಲಿ ಇದನ್ನು ನೋಡಿ ಗಾಬರಿಯಾದವರು ಬಹಳ. ಗಾಬರಿ ಬೇಡ, ಅದು ಶುಭಶಕುನ. ಆ ಕಡೆಯ ಯಂತ್ರ ಪಿಪಿಪಿ, ಅಂದರೆ ಫೋನ್ ತಂತಿ ಮೇಲೆ ಇಂಟರ್ನೆಟ್ ಸಾಗಿಸುವ ಭಾಷೆಯಲ್ಲಿ, ಮಾತು ಶುರು ಮಾಡಿದೆ. ಅದರ ಬದಲು 'ಲಾಗಿನ್' ಅಂತ ಬಂದು ಕಾಯುತ್ತಾ ನಿಂತರೆ ಹೆಸರು, ಗುಪ್ತಪದ ಕೇಳುವ ಹಳೇ ಪದ್ಧತಿ. 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ ಶುರು ಮಾಡಿದ ಕಾಲದಲ್ಲಿ ಖಾತೆಗಳು ಎರಡು ಥರ. ಬರೀ ಅಕ್ಷರದ ಶೆಲ್ ಖಾತೆ, ಚಿತ್ರವೂ ಬರುವ ಟಿಸಿಪಿ ಐಪಿ ಖಾತೆ. ಲಾಗಿನ್ ಪ್ರಾಂಪ್ಟ್ ಎದುರು ಪಿಪಿಪಿ ಮಾತು ಸುರಿದರೆ ಅದು ಹೇಳಿದ್ದನ್ನೇ ಗಿಳಿಯ ಹಾಗೆ ತಿರುಗಿ ಹೇಳುತ್ತದೆ. ಆಗ ನಿಮ್ಮ ಕಡೆಯಿಂದ ಪಿಪಿಪಿ ಮಾತಾಡುವ ಪ್ರೋಗ್ರಾಮ್ ಪಿಪಿಪಿಡಿ 'ಸೀರಿಯಲ್ ಲೈನ್ ಈಸ್ ಲೂಪ್ಡ್ ಬ್ಯಾಕ್' ಎಂದು ಕೈಚೆಲ್ಲುತ್ತದೆ. ಯಾವ ಪ್ರಶ್ನೆಗೆ ಏನು ಉತ್ತರ ಅಂತ ಬರೆದಿಟ್ಟ ಚಾಟ್ ಸ್ಕ್ರಿಪ್ಟಿನಲ್ಲಿ ಹೆಸರು, ಗುಪ್ತಪದ ಕಳಿಸಿದ ಮೇಲೆ ಪಿಪಿಪಿ ಶುರು ಮಾಡಿ. ಡಬ್ಲ್ಯೂವಿಡಯಲ್ ಪ್ರಾಂಪ್ಟನ್ನು ತಾನೇ ಊಹಿಸುತ್ತದೆ. ಅದರ ಊಹೆಯೇ ಅಡ್ಡ ಬಂದರೆ 'ಸ್ಟುಪಿಡ್ ಮೋಡ್ ಈಕ್ವಲ್ಸ್ 1' ಎಂದು ಬರೆಯಿರಿ, ಏನೂ ಯೋಚಿಸದೆ ನೇರ ಪಿಪಿಪಿಗೆ ಹಾರುತ್ತದೆ. ಹೆಸರು ಹೀಗಿದ್ದರೂ ಬಹಳ ಸಲ ಇದೇ ಬುದ್ಧಿವಂತಿಕೆ.

ಪಿಪಿಪಿಡಿ ಸಾಯುವಾಗ ಒಂದು ಸಂಖ್ಯೆ ಹೇಳಿ ಸಾಯುತ್ತದೆ. ಡಬ್ಲ್ಯೂವಿಡಯಲ್ ಅದನ್ನು ತೋರಿಸುತ್ತದೆ, ಇಲ್ಲವಾದರೆ ವಾರ್ ಲಾಗ್ ಒಳಗಿನ ಮೆಸೇಜಸ್ ಫೈಲಿನ ಬಾಲ ಓದಿ. ನನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದವು ಇವಿಷ್ಟು. 4 ಬಂದರೆ ಕರ್ನಲ್‌ನಲ್ಲಿ ಪಿಪಿಪಿಯೇ ಇಲ್ಲ, ಮಾಡ್‌ಪ್ರೋಬ್‌ನಿಂದ ಪಿಪಿಪಿ ಅಸಿಂಕ್ ಎಂಬ ಮಾಡ್ಯೂಲ್ ಏರಿಸಿ. 7 ಬಂದರೆ ಪೋರ್ಟ್ ತೆರೆಯಲಿಲ್ಲ, 8 ಬಂದರೆ ಚಾಟ್ ಸ್ಕ್ರಿಪ್ಟ್ ಸೋತಿತು. 10 ಎಂದರೆ ಎರಡೂ ಕಡೆಯವರ ಮಾತುಕತೆ ಒಪ್ಪಂದಕ್ಕೆ ಬರಲಿಲ್ಲ. 'ನೋಸಿಸಿಪಿ', 'ನೋವಿಜೆ' ಎರಡನ್ನೂ ಇಟಿಸಿ ಪಿಪಿಪಿ ಆಪ್ಷನ್ಸ್ ಫೈಲಿಗೆ ಸೇರಿಸಿ ಕಂಪ್ರೆಷನ್ ಬಿಟ್ಟು ನೋಡಿ. 16 ಎಂದರೆ ಮೋಡೆಮ್ ಫೋನ್ ಇಟ್ಟಿತು, ತಂತಿಯ ಕಡೆ ಹೋಗಿ. 17 ಈಗಷ್ಟೇ ಹೇಳಿದ ಗಿಳಿಪಾಠ. 19 ಬಂದರೆ ನಿಮ್ಮ ಹೆಸರು ಅಥವಾ ಗುಪ್ತಪದ ಆ ಕಡೆಯವರಿಗೆ ಒಪ್ಪಿಗೆಯಾಗಲಿಲ್ಲ.

19ರಲ್ಲಿ ಒಂದು ಗುಟ್ಟಿದೆ. ಗುಪ್ತಪದದಲ್ಲಿ ಹ್ಯಾಶ್ ಚಿಹ್ನೆ ಇದ್ದವರೊಬ್ಬರಿಗೆ ವಿಂಡೋಸ್‌ನಲ್ಲಿ ಸಿಗುತ್ತಿತ್ತು, ಲಿನಕ್ಸ್‌ನಲ್ಲಿ ಇಲ್ಲ. ಗುಪ್ತಪದ ಬರೆದಿಡುವ ಪ್ಯಾಪ್ ಸೀಕ್ರೆಟ್ಸ್ ಫೈಲಿನಲ್ಲಿ ಹ್ಯಾಶ್‌ನಿಂದ ಆಚೆಗೆಲ್ಲ ಟಿಪ್ಪಣಿ ಅಂತ ಲೆಕ್ಕ, ಅಷ್ಟನ್ನು ಓದುವುದೇ ಇಲ್ಲ. ಉದ್ಧರಣ ಚಿಹ್ನೆಯೊಳಗೆ ಹಾಕಿದ ಮೇಲೆ ಸರಿಹೋಯಿತು.

11 ಬಂದರೆ ತಲೆಕೆಳಗು ಕೇಸ್. ಸೇವೆಯವರ ಯಂತ್ರವೇ ತನ್ನ ಗುರುತು ಸಾಬೀತು ಮಾಡಲಿ ಅಂತ ನಿಮ್ಮ ಪಿಪಿಪಿಡಿ ಕೇಳುತ್ತಿದೆ. ಅವರು ಯಾಕೆ ಮಾಡುತ್ತಾರೆ? ನಿಮ್ಮ ಯಂತ್ರಕ್ಕೆ ಮೊದಲೇ ಒಂದು ಡೀಫಾಲ್ಟ್ ದಾರಿ (ಹೊರಗೆ ಹೋಗುವ ಮಾಮೂಲು ಬಾಗಿಲು) ಇದ್ದರೆ ಪಿಪಿಪಿಡಿ ಹೀಗೆ ಪೊಲೀಸ್ ಆಗುತ್ತದೆ. ಆಪ್ಷನ್ಸ್‌ನಲ್ಲಿ 'ನೋಆಥ್' ಎಂದು ಬರೆದರೆ ಸುಮ್ಮನಾಗುತ್ತದೆ.

ಐಪಿ ಬಂತು, ಪುಟ ಬರಲಿಲ್ಲ

ಮೇಲಿನದಕ್ಕೂ ಇದಕ್ಕೂ ಬೇರು ಒಂದೇ. ನೆಟ್‌ವರ್ಕ್ ಕಾರ್ಡ್ ಇದ್ದ ಯಂತ್ರದಲ್ಲಿ ಹಳೆಯ ಗೇಟ್‌ವೇ, ಅಂದರೆ ಅದೇ ಡೀಫಾಲ್ಟ್ ದಾರಿ, ಉಳಿದಿದ್ದರೆ ಪಿಪಿಪಿಡಿ ಅದನ್ನು ಕಿತ್ತು ಹಾಕುವುದಿಲ್ಲ. 'ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡೀಫಾಲ್ಟ್ ರೂಟ್' ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಿರುತ್ತದೆ. ಅಂದರೆ ಮೋಡೆಮ್ ಸಿಕ್ಕಿದೆ, ಆದರೆ ನಿಮ್ಮ ಪತ್ರಗಳೆಲ್ಲ ಯಾರೂ ಇಲ್ಲದ ಎತರ್ನೆಟ್ ಬಾಗಿಲಿಗೆ ಹೋಗಿ ಬೀಳುತ್ತಿವೆ. ದಾರಿಗಳ ಪಟ್ಟಿ ತೋರಿಸುವ ರೂಟ್ ಆಜ್ಞೆ (ಆರ್ ಓ ಯು ಟಿ ಇ, ಯಜಮಾನ ಖಾತೆ ಅಲ್ಲ) ಮೈನಸ್ ಎನ್ ಜೊತೆ ಕೊಟ್ಟು ನೋಡಿ. ಎಲ್ಲ ಸೊನ್ನೆ ಇರುವ ಸಾಲಿನ ಕೊನೆಯಲ್ಲಿ ಪಿಪಿಪಿ ಸೊನ್ನೆ ಇರಬೇಕು, ಇತ್ ಸೊನ್ನೆ (ಎತರ್ನೆಟ್ ಕಾರ್ಡ್) ಇದ್ದರೆ ರೂಟ್ ಡೆಲ್ ಡೀಫಾಲ್ಟ್ ಮಾಡಿ ಮತ್ತೆ ಡಯಲ್ ಮಾಡಿ.

ದಾರಿ ಸರಿ ಇದ್ದರೆ ಪಿಂಗ್, ಅಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ಅಂತ ಒಂದು ಕೂಗು. ಹೆಸರಿಗಲ್ಲ, ಅಂಕಿಗೆ. ಸಂಪರ್ಕ ಸಿಕ್ಕಾಗ 'ಪ್ರೈಮರಿ ಡಿಎನ್‌ಎಸ್ ಅಡ್ರೆಸ್' ಅಂತ ಬಂದ ಅಂಕಿಯನ್ನೇ ಪಿಂಗ್ ಮಾಡಿ. ಅದು ಉತ್ತರ ಕೊಟ್ಟು ಹೆಸರಿನ ಪಿಂಗ್ ಮಾತ್ರ ನಿಂತರೆ ಇಟಿಸಿಯ ರಿಸಾಲ್ವ್ ಕಾನ್ಫ್ ಖಾಲಿ. 'ಯೂಸ್‌ಪಿಯರ್‌ಡಿಎನ್‌ಎಸ್' ಹಾಕಿದ್ದರೂ ಪಿಪಿಪಿಡಿ ಬರೆಯುವುದು ಇಟಿಸಿ ಪಿಪಿಪಿ ಒಳಗಿನ ಬೇರೊಂದು ರಿಸಾಲ್ವ್ ಕಾನ್ಫ್‌ಗೆ. ಅದನ್ನು ಇದಕ್ಕೆ ಲಿಂಕ್ ಮಾಡಬೇಕು, ಇಲ್ಲವೇ ಆ ಎರಡು ಅಂಕಿಯನ್ನು ಕೈಯಲ್ಲೇ ಬರೆಯಬೇಕು.

ಅಕ್ಕನ ಮನೆಯ ಡಾಂಗಲ್

ಇದೆಲ್ಲ ಈಗ ಯಾರಿಗೆ ಬೇಕು ಅಂತ ಕೇಳಬಹುದು. ಹೊಸನಗರದ ಕಡೆ ಒಂದು ಕಣಿವೆಯಲ್ಲಿ ಅಕ್ಕನ ಮನೆ ಇದೆ. ಅಲ್ಲಿಗೆ 4ಜಿ ಇಳಿಯುವುದಿಲ್ಲ. ಮೆತ್ತಿನ, ಅಂದರೆ ಮಹಡಿಯ, ಕಿಟಕಿಗೆ 2ಜಿ ತಾಗುತ್ತದೆ, ಅಷ್ಟೇ. ಹಳೇ ಲ್ಯಾಪ್‌ಟಾಪಿನಲ್ಲಿ ಡೆಬಿಯನ್, ಸಿಮ್ ಹಾಕುವ ಒಂದು ಹಳೇ ಹುವಾವೇ ಡಾಂಗಲ್. ಭಾವನಿಗೆ ಬೇಕಾದದ್ದು ಮೇಲ್ ಮತ್ತು ಅಡಿಕೆ ಧಾರಣೆ. ಡಾಂಗಲ್ ಎನ್ನುವುದು ಒಳಗಿನಿಂದ ನಮ್ಮ ಅದೇ ಮೋಡೆಮ್. ಎಟಿ ಅಂದರೆ ಓಕೆ ಅನ್ನುತ್ತದೆ, ಪಿಪಿಪಿ ಮಾತಾಡುತ್ತದೆ, ಡಯಲ್ ಮಾಡುವ ನಂಬರ್ ಸ್ಟಾರ್ 99 ಹ್ಯಾಶ್.

ತೊಂದರೆಗಳು ಮಾತ್ರ ಸ್ವಲ್ಪ ಬೇರೆ. ಸಿಕ್ಕಿಸಿದ ಕೂಡಲೇ ಅದು ತಾನು ಸಿಡಿ ಡ್ರೈವ್ ಅಂತ ನಾಟಕ ಆಡುತ್ತದೆ, ವಿಂಡೋಸ್‌ನ ಡ್ರೈವರ್ ತೋರಿಸಲು. ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಇದ್ದರೆ ವೇಷ ಕಳಚುತ್ತದೆ. ಆಗ ಟಿಟಿವೈ ಯುಎಸ್‌ಬಿ ಸೊನ್ನೆ, ಒಂದು, ಎರಡು ಎಂದು ಪೋರ್ಟ್‌ಗಳು ಹುಟ್ಟುತ್ತವೆ. ಡಯಲ್ ಮಾಡುವುದು ಸಾಮಾನ್ಯವಾಗಿ ಸೊನ್ನೆಯಲ್ಲಿ. ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಓಡುತ್ತಿದ್ದರೆ ನೀವು ಮಾತಾಡಿಸುವಾಗ ನಡುವೆ ಬಾಯಿ ಹಾಕುತ್ತದೆ, ಅದನ್ನು ಮೊದಲು ನಿಲ್ಲಿಸಿ.

ಆಮೇಲೆ ಮೂರು ಪ್ರಶ್ನೆ. ಎಟಿ ಪ್ಲಸ್ ಸಿಪಿನ್, ಪ್ರಶ್ನಾರ್ಥಕ ಚಿಹ್ನೆ: 'ರೆಡಿ' ಬರಬೇಕು, 'ಸಿಮ್ ಪಿನ್' ಬಂದರೆ ಪಿನ್ ಕೇಳುತ್ತಿದೆ. ಎಟಿ ಪ್ಲಸ್ ಸಿಎಸ್‌ಕ್ಯೂ: ಸಿಗ್ನಲ್, ಸೊನ್ನೆಯಿಂದ 31ರವರೆಗೆ, 99 ಬಂದರೆ ಏನೂ ತಿಳಿಯುತ್ತಿಲ್ಲ ಎಂದು. ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ (ಸಿಗ್ನಲ್ ಬಲದ ಅಳತೆ) ಲೆಕ್ಕ ಸಿಗುತ್ತದೆ. ಜಗುಲಿಯಲ್ಲಿ 5 ತೋರಿಸುತ್ತಿದ್ದದ್ದು ಮೆತ್ತಿನ ಕಿಟಕಿಯಲ್ಲಿ 13 ಆಯಿತು, ಹಾಗಾಗಿ ಡಾಂಗಲ್ ಅಲ್ಲಿ ಮೊಳೆಗೆ ನೇತಾಡುತ್ತಿದೆ, ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯ ತುದಿಯಲ್ಲಿ. ತಂತಿ ತೀರ ಉದ್ದವಾದರೆ ಕರೆಂಟ್ ಸಾಲದೆ ಡಾಂಗಲ್ ಮತ್ತೆ ಮತ್ತೆ ಸತ್ತು ಹುಟ್ಟುತ್ತದೆ, ಮೊದಲು ತಂದ ಐದು ಮೀಟರಿನದ್ದು ಈಗ ಬಟ್ಟೆ ಒಣಹಾಕಲು ಇದೆ. ಮೂರನೆಯದು ಎಟಿ ಪ್ಲಸ್ ಸಿರೆಗ್, ಪ್ರಶ್ನಾರ್ಥಕ. ಎರಡನೇ ಅಂಕಿ 1 ಆದರೆ ಟವರ್ ಒಪ್ಪಿಕೊಂಡಿದೆ, 5 ಆದರೆ ರೋಮಿಂಗ್, 2 ಆದರೆ ಇನ್ನೂ ಹುಡುಕುತ್ತಿದೆ, 3 ಆದರೆ ಬೇಡ ಅಂದಿದೆ.

ಇಷ್ಟಾದ ಮೇಲೂ ಬರದಿದ್ದರೆ ಎಪಿಎನ್, ಅಂದರೆ ಸಿಮ್‌ನವರ ಇಂಟರ್ನೆಟ್ ಬಾಗಿಲಿನ ಹೆಸರು. ಎಟಿ ಪ್ಲಸ್ ಸಿಜಿಡಿಕಾಂಟ್ ಈಕ್ವಲ್ಸ್ 1, ಐಪಿ, ನಿಮ್ಮ ಸಿಮ್‌ನವರ ಎಪಿಎನ್ ಹೆಸರು. ಡಬ್ಲ್ಯೂವಿಡಯಲ್‌ನಲ್ಲಿ ಇದು ಎರಡನೇ ಇನಿಟ್ ಸಾಲು. ಹೆಸರು, ಗುಪ್ತಪದ ಖಾಲಿ ಬಿಟ್ಟರೆ ಡಬ್ಲ್ಯೂವಿಡಯಲ್ ಒಪ್ಪುವುದಿಲ್ಲ, ಏನಾದರೊಂದು ಅಕ್ಷರ ಬರೆಯಿರಿ. 'ರಿಮೋಟ್ ಐಪಿ' ಜಾಗದಲ್ಲಿ 10.64.64.64 ಕಂಡರೆ ಚಿಂತೆ ಇಲ್ಲ, ಆ ಕಡೆಯವರು ವಿಳಾಸ ಹೇಳದಿದ್ದಾಗ ಪಿಪಿಪಿಡಿ ತಾನೇ ಇಟ್ಟುಕೊಳ್ಳುವ ಹೆಸರು ಅದು. ಡಿಎನ್‌ಎಸ್ ಜಾಗದಲ್ಲಿ 10.11.12.13 ಬಂದರೆ ಮಾತ್ರ ಸುಳ್ಳು ವಿಳಾಸ. ಆಪ್ಷನ್ಸ್‌ನಲ್ಲಿ 'ಐಪಿಸಿಪಿ ಮ್ಯಾಕ್ಸ್ ಫೇಲ್ಯೂರ್ 30' ಅಂತ ಬರೆದರೆ ಪಿಪಿಪಿಡಿ ತಾಳ್ಮೆಯಿಂದ ಕಾದು ನಿಜವಾದದ್ದನ್ನು ಪಡೆಯುತ್ತದೆ.

ಅಕ್ಕನ ಮನೆಯೊಳಗೆ ಫೋನ್ ಮಾತು ಕಡಿದು ಕಡಿದು ಬರುತ್ತದೆ. ನನ್ನ ಜೊತೆ ಸರಿಯಾಗಿ ಮಾತಾಡಬೇಕಾದರೆ ಅಳಿಯ ಹಿತ್ತಲ ಗುಡ್ಡ ಹತ್ತಬೇಕು, ಲ್ಯಾಪ್‌ಟಾಪ್ ಕೆಳಗೆ ಮೆತ್ತಿನಲ್ಲಿ. ಅಂದರೆ ಮತ್ತೆ ಅದೇ ಚೀಟಿ. ಹೋದ ಮಳೆಗಾಲ ಒಂದು ಸಂಜೆ ಏದುಸಿರು ಬಿಡುತ್ತಾ ಫೋನ್ ಮಾಡಿದ.

"ಮಾವ, ಕೊನೇ ಸಾಲು ಓದ್ಲಾ?"

"ಓದು."

"ನೋ ಕ್ಯಾರಿಯರ್. ನೀನು ಹೇಳ್ಕೊಟ್ಟಿದ್ದು ಮೂರೂ ಕೇಳ್ದೆ. ಸಿಮ್ ರೆಡಿ ಅಂತು. ಸಿಎಸ್‌ಕ್ಯೂ 99. ಸಿರೆಗ್ ಸೊನ್ನೆ, ಎರಡು."

"ಕರೆಂಟ್ ಹೋಗಿ ಎಷ್ಟೊತ್ತಾಯ್ತು?"

"ಬೆಳಿಗ್ಗೆಯಿಂದ ಇಲ್ಲ."

"ಹಾಗಾದ್ರೆ ಟವರಿನ ಬ್ಯಾಟರಿ ಖಾಲಿ ಆಗಿದೆ ಮಾರಾಯ. ಏನೂ ಮುಟ್ಟಬೇಡ. ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟ ಮಾಡು, ಕತ್ತಲಾಗೋ ಮುಂಚೆ ಗುಡ್ಡ ಇಳಿ."